ಸ್ಟೋರಿನವರ ಸಾಲು

ಭಾನುವಾರ, ಹದಿನಾರನೇ ತಾರೀಕು

ತಮ್ಮಾ,

ಉಭಯ ಕುಶಲೋಪರಿ ಎಂದು ಬರೆಯಬೇಕಾದರೆ ಎರಡೂ ಕಡೆ ಕುಶಲ ಇರಬೇಕು. ಇಲ್ಲಿ ನಾನು ಸಿಟ್ಟಿನಿಂದ ಕುದಿಯುತ್ತಿದ್ದೇನೆ, ಅಲ್ಲಿ ನೀನು ಬುದ್ಧಿಗೇಡಿ ಕೆಲಸಕ್ಕೆ ಕೈ ಹಾಕಿದ್ದೀಯ. ಆದ್ದರಿಂದ ಆ ಮಾತು ಬಿಟ್ಟಿದ್ದೇನೆ. ಆಶೀರ್ವಾದ ಮಾತ್ರ ಇದೆ, ಅದು ಸಿಟ್ಟು ಬಂದಾಗಲೂ ಇರುತ್ತದೆ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನ್ ಮಾಡಿದರೆ ಅಮ್ಮ ಸ್ಪೀಕರ್ ಹಾಕುತ್ತಾಳೆ, ನಿನ್ನ ಹೆಂಡತಿ ಅಡುಗೆಮನೆಯಿಂದಲೇ ಮಾತಿಗೆ ಸೇರುತ್ತಾಳೆ, ನೀನು ನಾಲ್ಕು ಜೋಕು ಹಾರಿಸಿ ಎಲ್ಲರನ್ನೂ ನಗಿಸಿ ಜಾರಿಕೊಳ್ಳುತ್ತೀಯ. ಮೊನ್ನೆ ಆದದ್ದೂ ಅದೇ. ಕಾಗದದ ಮುಂದೆ ಕೂತು ಜೋಕು ಹೊಡೆದರೆ ನಗುವವರು ಯಾರೂ ಇರುವುದಿಲ್ಲ. ಪೂರ್ತಿ ಓದು.

ಒಂದನೇ ತಾರೀಕಿನಿಂದ ಸ್ಟೋರು ಬಿಟ್ಟು ಮತ್ತೆ ಪೌಡರ್ ರೂಮಿಗೆ ಹೋಗುತ್ತೀಯಂತೆ. ಯಾರೂ ಹಾಕಿದ್ದಲ್ಲ, ನೀನಾಗಿಯೇ ಅರ್ಜಿ ಕೊಟ್ಟಿದ್ದಂತೆ. ಯಾಕೆ ಎಂದು ನಿನ್ನ ಹೆಂಡತಿ ಕೇಳಿದ್ದಕ್ಕೆ, ಅಕ್ಕನ ಅಧ್ಯಯನವೇ ಹೇಳಿದೆಯಲ್ಲ, ಧೂಳಿನಲ್ಲಿ ಕೆಲಸ ಮಾಡೋರಿಗಿಂತ ಸ್ಟೋರಿನಲ್ಲಿ ಕೂತೋರಿಗೇ ಉಸಿರಿನ ಕಾಯಿಲೆ ಜಾಸ್ತಿ ಅಂತ, ಎಂದೆಯಂತೆ. ಸ್ಟೋರಿಗೆ ಬಂದ ಮೇಲೂ ಕೆಮ್ಮು ಪೂರ್ತಿ ಹೋಗಿಲ್ಲ, ಆ ರಟ್ಟಿನ ಡಬ್ಬಗಳ ವಾಸನೆಯೇ ಆಗಿಬರುತ್ತಿಲ್ಲ ಎಂದೂ ಸೇರಿಸಿದೆಯಂತೆ. ಅವಳು ನನಗೆ ಫೋನ್ ಮಾಡಿ, ಹೌದಾ ಅತ್ತಿಗೆ, ನೀವೇ ಹೇಳಿದ್ದು ಅಂದ್ರೆ ಸರಿ ಬಿಡಿ ಅಂದಳು. ನನಗೆ ತಲೆ ಚಚ್ಚಿಕೊಳ್ಳಲು ಹತ್ತಿರದಲ್ಲಿ ಗೋಡೆ ಇರಲಿಲ್ಲ, ನಾನು ಬಸ್ಸಿನಲ್ಲಿದ್ದೆ.

ಒಣಗಿದ ಬೇಸಿನ್ನು, ಕಮೋಡುಗಳನ್ನು ಉಜ್ಜಿ ನುಣುಪು ಮಾಡುವ ಕೋಣೆಗೆ ಪೌಡರ್ ರೂಮ್ ಎಂದು ಹೆಸರಿಟ್ಟವನು ಯಾವ ಪುಣ್ಯಾತ್ಮನೋ. ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಮ್ಮೆ ಗೇಟಿನ ಹತ್ತಿರ ಕಾಯುತ್ತಿದ್ದೆ. ಹೊರಬಂದವರೆಲ್ಲ ಹುಬ್ಬು, ರೆಪ್ಪೆ, ಮೀಸೆ ಒಂದೇ ಬಿಳಿ. ಯಾರೋ ಒಬ್ಬರನ್ನು ನೀನೆಂದುಕೊಂಡು ಕೈ ಹಿಡಿದು ಎಳೆದೆ, ಆ ಮನುಷ್ಯ ಹೆದರಿ, ಏನಮ್ಮಾ ತಂಗಿ, ಏನಾಯ್ತು ಅಂದ. ನೀನು ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ಪುಡಿ ಎದೆಯೊಳಗೆ ಹೊಕ್ಕರೆ ಮತ್ತೆ ಹೊರಗೆ ಬರುವುದಿಲ್ಲ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಈಗ ಪೇಪರಿನ ವಿಷಯ. ಅಮ್ಮ ನಮ್ಮ ಅಧ್ಯಯನದ ಬಗ್ಗೆ ಬಂದ ಸುದ್ದಿಯನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳಂತೆ, ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರಿದೆ ಎಂದು. ಎದುರುಮನೆ ಟೀಚರಿಗೂ ಹೇಳಿ ಬಂದಿದ್ದಾಳೆ, ನಮ್ಮ ಹುಡುಗಿ ಕಂಡುಹಿಡಿದಿದ್ದಾಳೆ, ಧೂಳಿನಿಂದ ಏನೂ ಆಗಲ್ವಂತೆ ಅಂತ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನೀವು. ನಾನು ಬಾಯಿಬಿಟ್ಟು ಹೇಳಿದ ಯಾವ ಮಾತನ್ನಾದರೂ ಇಷ್ಟು ಭಕ್ತಿಯಿಂದ ಕೇಳಿದ್ದರೆ ನಮ್ಮ ಮನೆ ಉದ್ಧಾರವಾಗುತ್ತಿತ್ತು. ನಾನು ಹೇಳದೇ ಇದ್ದದ್ದನ್ನು ಮಾತ್ರ ಫ್ರಿಜ್ಜಿಗೆ ಅಂಟಿಸುತ್ತೀರಿ.

ಪೇಪರಿನವನು ಸುಳ್ಳು ಬರೆದಿಲ್ಲ, ಅದೇ ನನ್ನ ಸಂಕಟ. ನಾಲ್ಕು ವರ್ಷ ನಿಮ್ಮ ಕಾರ್ಖಾನೆಯವರ ಬೆನ್ನುಹತ್ತಿ, ವರ್ಷಕ್ಕೊಮ್ಮೆ ಬಂದು ನಿಮ್ಮ ಕೈಲಿ ಉಸಿರಿನ ಬಲ ಅಳೆಯುವ ಆ ಕೊಳವೆ ಊದಿಸಿ, ಯಾರ ಉಸಿರು ಕುಂದಿತು, ಯಾರದ್ದು ಇಲ್ಲ ಎಂದು ಎಣಿಸಿದೆವು. ಪೌಡರ್ ರೂಮಿನವರಲ್ಲಿ ನೂರಕ್ಕೆ ಒಂಬತ್ತು ಜನರ ಉಸಿರು ಕುಂದಿತ್ತು. ಸ್ಟೋರಿನವರ ಸಾಲಿನಲ್ಲಿ, ಅಂದರೆ ಸ್ಟೋರು, ಆಫೀಸು ಎಂದು ಧೂಳಿಲ್ಲದ ಕಡೆ ಇರುವವರಲ್ಲಿ, ನೂರಕ್ಕೆ ಹತ್ತು. ಒಂಬತ್ತನ್ನು ಹತ್ತರಿಂದ ಭಾಗಿಸಿದರೆ ಸೊನ್ನೆ ಪಾಯಿಂಟ್ ಒಂಬತ್ತು. ಅಂದರೆ ಧೂಳಿನಲ್ಲಿ ಇರುವವರಿಗೆ ಅಪಾಯ ಹತ್ತು ಪರ್ಸೆಂಟು ಕಡಿಮೆ. ಇಷ್ಟನ್ನೇ ಅವನು ಬರೆದ. ಆ ಹತ್ತು ಪರ್ಸೆಂಟೂ ನೆಲಕ್ಕೆ ಕಾಲೂರಿ ನಿಂತದ್ದಲ್ಲ, ಲೆಕ್ಕದ ಅಂದಾಜಿನಲ್ಲಿ ಆ ಸೊನ್ನೆ ಪಾಯಿಂಟ್ ಒಂಬತ್ತು ಒಂದಕ್ಕಿಂತ ಕೆಳಗೂ ಇರಬಹುದು, ಮೇಲೂ ಇರಬಹುದು, ಅಂದರೆ ಧೂಳಿನವರಿಗೇ ಅಪಾಯ ಹೆಚ್ಚೂ ಇರಬಹುದು. ವರದಿಯಲ್ಲಿ ಆ ಮಾತಿತ್ತು. ಪೇಪರಿನಲ್ಲಿ ಜಾಗ ಸಾಲಲಿಲ್ಲವಂತೆ.

ಸಾಪೇಕ್ಷ ಅಪಾಯ ಎನ್ನುತ್ತಾರೆ ಇದಕ್ಕೆ. ದೊಡ್ಡ ಹೆಸರು ಕೇಳಿ ಹೆದರಬೇಡ. ಒಂದು ಗುಂಪಿನ ಪಕ್ಕದಲ್ಲಿ ಇನ್ನೊಂದು ಗುಂಪನ್ನು ನಿಲ್ಲಿಸಿ ಇವರಿಗೆ ಅವರ ಎಷ್ಟು ಪಟ್ಟು ಎಂದು ನೋಡುವುದು, ಅಷ್ಟೇ. ಪಕ್ಕದಲ್ಲಿ ಯಾರನ್ನು ನಿಲ್ಲಿಸಿದೆ ಎನ್ನುವುದರಲ್ಲಿ ಎಲ್ಲ ಇದೆ. ನೀನು ಒಂದನೇ ಕ್ಲಾಸಿನ ಮಕ್ಕಳ ಪಕ್ಕ ನಿಂತರೆ ನೀನೂ ಆಜಾನುಬಾಹುವೇ.

ಹಾಗಾದರೆ ಸ್ಟೋರಿನಲ್ಲಿ ಇರುವವರು ಯಾರು? ಅಲ್ಲಿ ಹುಟ್ಟಿದಾರಭ್ಯ ನಟ್ಟು ಬೋಲ್ಟು ಎಣಿಸುತ್ತಾ ಬಂದವರೇ? ನೀನೇ ಅಲ್ಲಿಗೆ ಹೇಗೆ ಬಂದೆ, ನೆನಪು ಮಾಡಿಕೊ. ಒಂಬತ್ತು ವರ್ಷ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡು ಡಾಕ್ಟರ ಮುಂದೆ ನಿಂತ ಮೇಲೆ ಹಗುರ ಕೆಲಸ ಎಂದು ಬರೆದು ಸ್ಟೋರಿಗೆ ಕಳಿಸಿದರು. ಅದಾದ ಎರಡೇ ತಿಂಗಳಿಗೆ ನಮ್ಮ ಅಧ್ಯಯನ ಶುರುವಾಯಿತು. ಪ್ರಶ್ನೆ ಕೇಳುವವರು ಬಂದು, ಈಗ ಏನು ಕೆಲಸ ಎಂದರು. ನೀನು ಸ್ಟೋರು ಎಂದೆ. ಮುಗಿಯಿತು, ನೀನು ಧೂಳು ಕಾಣದವರ ಸಾಲಿಗೆ ಸೇರಿದೆ. ಒಂಬತ್ತು ವರ್ಷದ ಧೂಳು ನಿನ್ನ ಎದೆಯಲ್ಲೇ ಉಳಿಯಿತು, ಲೆಕ್ಕಕ್ಕೆ ಬರಲಿಲ್ಲ. ಆಮೇಲೆ ನಿನ್ನಂಥವನೊಬ್ಬನ ಉಸಿರು ಕುಂದಿದರೆ ಅದು ಸ್ಟೋರಿನ ಖಾತೆಗೆ ಜಮಾ.

ಅಮ್ಮ ಟೊಮೆಟೊ ತಂದಾಗ ಮೆತ್ತಗಾದದ್ದನ್ನೆಲ್ಲ ಆರಿಸಿ ಬೇರೆ ಬುಟ್ಟಿಗೆ ಹಾಕುತ್ತಾಳಲ್ಲ, ಬೇಗ ಖರ್ಚಾಗಲಿ ಎಂದು. ಯಾವನೋ ಒಬ್ಬ ಒಳಗೆ ಬಂದು ಎರಡೂ ಬುಟ್ಟಿ ನೋಡಿ, ಈ ಬುಟ್ಟಿಯಲ್ಲಿ ಇಟ್ಟದ್ದೇ ಹೆಚ್ಚು ಕೊಳೆಯುತ್ತಿದೆ, ಇದು ಕೆಟ್ಟ ಬುಟ್ಟಿ, ಎಲ್ಲವನ್ನೂ ಆ ಬುಟ್ಟಿಗೆ ಸುರಿಯಿರಿ ಎಂದರೆ ಅಮ್ಮ ಅವನನ್ನು ಸುಮ್ಮನೆ ಬಿಡುತ್ತಾಳೆಯೇ? ನೀನು ಈಗ ಮಾಡಹೊರಟಿರುವುದು ಅದನ್ನೇ. ಮೆತ್ತಗಾದ ಟೊಮೆಟೊ ತಾನೇ ಎದ್ದು ಹಳೇ ಬುಟ್ಟಿಗೆ ಹೊರಟಿದೆ.

ಇದು ನನಗೆ ಮೊದಲೇ ಹೊಳೆಯಲಿಲ್ಲವೇ ಎಂದು ಕೇಳುತ್ತೀಯ. ಹೊಳೆದಿತ್ತು. ಮೊದಲ ವರ್ಷವೇ ಮೀಟಿಂಗಿನಲ್ಲಿ ಹೇಳಿದ್ದೆ. ನಮ್ಮ ಮುಖ್ಯಸ್ಥರಿಗೆ ಆಫೀಸಿನಲ್ಲಿ ನಾವೆಲ್ಲ ಇಟ್ಟ ಹೆಸರು ದಶಮಾಂಶ. ಚಹಾಕ್ಕೆ ಸಕ್ಕರೆ ಎಷ್ಟು ಎಂದರೆ ಒಂದೂವರೆ ಚಮಚ ಎನ್ನುವುದಿಲ್ಲ, ಒಂದು ಪಾಯಿಂಟ್ ಐದು ಎನ್ನುತ್ತಾರೆ. ಅವರು ಕನ್ನಡಕ ಒರೆಸುತ್ತಾ, ಹೆಸರು ಬರೆದುಕೊಂಡ ದಿನ ಯಾರು ಎಲ್ಲಿದ್ದರೋ ಅದೇ ಅವರ ಗುಂಪು, ಮಧ್ಯದಲ್ಲಿ ನಿಯಮ ಬದಲಾಯಿಸುವ ಹಾಗಿಲ್ಲ ಎಂದರು. ನಾನು ಬಿಡಲಿಲ್ಲ. ಆಗ ಅವರು ಬಹಳ ಮೃದುವಾಗಿ, ನಿಮ್ಮ ತಮ್ಮ ಆ ಕಾರ್ಖಾನೆಯಲ್ಲಿ ಇದ್ದಾರೆ ಅಲ್ಲವಾ ಎಂದರು. ಅಷ್ಟೇ. ಮೇಜಿನ ಸುತ್ತ ಕೂತಿದ್ದವರೆಲ್ಲ ತಮ್ಮ ತಮ್ಮ ಲೋಟದೊಳಗೆ ನೋಡಿದರು. ಆವತ್ತಿನಿಂದ ನಾನು ಏನು ಹೇಳಿದರೂ ಅದು ಲೆಕ್ಕದವಳ ಮಾತಲ್ಲ, ಅಕ್ಕನ ಮಾತು. ನೀನು ಅಲ್ಲಿದ್ದೀಯ ಎಂದು ಕೆಲಸ ಶುರುವಾಗುವ ಮೊದಲೇ ಬರೆದುಕೊಟ್ಟವಳು ನಾನು, ಪ್ರಾಮಾಣಿಕತೆಗೆ. ಅದೇ ನನ್ನ ಬಾಯಿಗೆ ಬೀಗವಾಯಿತು. ಇಲ್ಲಿ ಅಕ್ಕನ ಮಾತು ಎಂದು ತಳ್ಳುತ್ತಾರೆ, ಅಲ್ಲಿ ನೀನು ಅಕ್ಕನ ಮಾತು ಎಂದು ನಾನು ಆಡದ ಮಾತನ್ನು ಹಿಡಿದುಕೊಂಡು ಕುಣಿಯುತ್ತೀಯ. ನಾನು ಯಾರ ಮುಂದೆ ಅಳಲಿ ಹೇಳು.

ಕಳೆದ ವಾರ ಮತ್ತೆ ಕೂತು ಎಣಿಸಿದೆ. ನಿಮ್ಮ ಕಾರ್ಖಾನೆಯಿಂದ ಹಳೆಯ ಕೆಲಸದ ವಿವರ ಸಿಕ್ಕಷ್ಟು ಜನರನ್ನು ಮಾತ್ರ ತೆಗೆದುಕೊಂಡು, ಈಗ ಎಲ್ಲಿದ್ದಾರೆ ಎಂದು ಬಿಟ್ಟು, ಒಮ್ಮೆಯಾದರೂ ಪೌಡರ್ ರೂಮಿನಲ್ಲಿ ಕೆಲಸ ಮಾಡಿದ್ದಾರೆಯೇ ಎಂದು ನೋಡಿದೆ. ನಮ್ಮ ಕೈಗೆ ಬರುವುದು ಸಂಖ್ಯೆ, ಹೆಸರಲ್ಲ. ನೀನು ಯಾವ ಸಂಖ್ಯೆ ಎಂದು ನಾನು ಹುಡುಕಿಲ್ಲ, ಹುಡುಕಲೂಬಾರದು. ಧೂಳನ್ನೇ ಕಾಣದವರಲ್ಲಿ ನೂರಕ್ಕೆ ನಾಲ್ಕು. ಧೂಳು ಕಂಡವರಲ್ಲಿ, ಇನ್ನೂ ಅಲ್ಲೇ ಇರುವವರೂ ಬಿಟ್ಟು ಬಂದವರೂ ಸೇರಿ, ನೂರಕ್ಕೆ ಹತ್ತು. ಎರಡೂವರೆ ಪಟ್ಟು, ತಮ್ಮಾ. ಅದೇ ಜನ, ಅದೇ ಕೊಳವೆ, ಅದೇ ಉಸಿರು. ಸಾಲು ಬದಲಾಯಿಸಿದ್ದಕ್ಕೆ ಹತ್ತು ಪರ್ಸೆಂಟು ಕಡಿಮೆ ಇದ್ದದ್ದು ಎರಡೂವರೆ ಪಟ್ಟಾಯಿತು. ದಶಮಾಂಶಕ್ಕೆ ತೋರಿಸಿದೆ. ಆಸಕ್ತಿಕರವಾಗಿದೆ, ಇನ್ನಷ್ಟು ಅಧ್ಯಯನ ಬೇಕು ಎಂದರು. ಅವರಿಗೆ ಇನ್ನಷ್ಟು ವರ್ಷಗಳಿವೆ. ನಿನಗೆ ಒಂದನೇ ತಾರೀಕು ಇದೆ.

ನಿನ್ನ ಉತ್ತರ ನನಗೆ ಈಗಲೇ ಕೇಳಿಸುತ್ತಿದೆ. ನೂರಕ್ಕೆ ಹತ್ತು ಅಂದ್ರೆ ತೊಂಬತ್ತು ಜನ ಗಟ್ಟಿಮುಟ್ಟಾಗಿದ್ದಾರಲ್ಲಕ್ಕಾ, ನಾನು ಅವರಲ್ಲಿ ಒಬ್ಬ ಅಂತ. ಆ ಹತ್ತರಲ್ಲಿ ನೀನು ಇದ್ದೀಯೋ ತೊಂಬತ್ತರಲ್ಲಿ ಇದ್ದೀಯೋ, ನನ್ನ ಲೆಕ್ಕ ಅದನ್ನು ಹೇಳುವುದಿಲ್ಲ. ಇಷ್ಟು ವರ್ಷ ಓದಿ, ಇಷ್ಟು ವರ್ಷ ದುಡಿದು, ನನ್ನ ತಮ್ಮ ಒಬ್ಬನ ಬಗ್ಗೆ ಒಂದೇ ಒಂದು ಮಾತು ಖಂಡಿತವಾಗಿ ಹೇಳಲಾರೆ. ಇದಕ್ಕಿಂತ ನಾನು ಬೇಸಿನ್ನು ಮಾರುವ ಅಂಗಡಿ ಇಟ್ಟಿದ್ದರೆ ಚೆನ್ನಾಗಿತ್ತು. ಆದರೆ ಗುಂಪಿನ ಲೆಕ್ಕ ಬಿಡು, ನಿನಗೆ ಈಗಾಗಲೇ ಕೆಮ್ಮು ಹಿಡಿದಿದೆ. ಚಿಕ್ಕಂದಿನಲ್ಲಿ ನಮ್ಮಿಬ್ಬರಲ್ಲಿ ಮೊದಲು ನೆಗಡಿ ಹಿಡಿಯುತ್ತಿದ್ದವನು ನೀನು. ಇದು ಲೆಕ್ಕವಲ್ಲ, ನನಗೆ ಗೊತ್ತು. ಅಕ್ಕನ ಮಾತು ಎಂದು ಎಲ್ಲರೂ ಅನ್ನುತ್ತಾರಲ್ಲ, ಇದೋ, ಇದು ನಿಜವಾಗಿಯೂ ಅಕ್ಕನ ಮಾತು. ಹೋಗಬೇಡ.

ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಒಂದು ಕೆಲಸ ಮಾಡು. ಸ್ಟೋರಿನಲ್ಲಿ ನಿನ್ನ ಜೊತೆ ಇರುವವರನ್ನೆಲ್ಲ, ಮುಂಚೆ ಎಲ್ಲಿದ್ದಿರಿ ಎಂದು ಕೇಳು. ನನಗೆ ತಿಳಿಸುವುದು ಬೇಡ, ಅಧ್ಯಯನಕ್ಕೂ ಅಲ್ಲ, ನಿನಗಾಗಿ ಕೇಳು. ಆಮೇಲೆ ಅರ್ಜಿ ವಾಪಸು ತೆಗೆದುಕೊ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಗೊತ್ತಿದ್ದೂ ಇಷ್ಟು ಬರೆದಿದ್ದೇನೆ. ನಾಲ್ಕನೇ ಕಾಲು ಅಲ್ಲೇ ಇದೆ, ಬಗ್ಗಿ ನೋಡು ಎನ್ನುವುದಷ್ಟೇ ನನ್ನ ಪ್ರಾರ್ಥನೆ.

ಸಿಟ್ಟು ಇಳಿಯದ,
ನಿನ್ನ ಅಕ್ಕ

ಬರೆಯದೆ ಬಿಟ್ಟದ್ದು: ಮುಂದಿನ ವರದಿಯಲ್ಲಿ ನನ್ನ ಹೆಸರು ಇರುವುದಿಲ್ಲ. ತೆಗೆದುಬಿಡಿ ಎಂದು ನಾನೇ ಬರೆದುಕೊಟ್ಟಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ಅಮ್ಮನಿಗೆ ಹೇಳಬೇಡ, ಫ್ರಿಜ್ಜಿನ ಮೇಲಿನದ್ದನ್ನು ಕೀಳಿಸಿದರೆ ಸಾಕು.


ಶುಕ್ರವಾರ, ಐದನೇ ತಾರೀಕು

ಅಕ್ಕಾ,

ಕಾಲಿಗೆ ಬಿದ್ದೆ ಎಂದುಕೊ. ಎದುರಿಗೆ ಸಿಕ್ಕಿದ್ದರೆ ನೀನು ನನ್ನ ಕಿವಿ ಹಿಂಡುತ್ತಿದ್ದೆ, ಅದಕ್ಕೇ ದೂರದಿಂದಲೇ ನಮಸ್ಕಾರ.

ನಿನ್ನ ಕಾಗದವನ್ನು ಪೂರ್ತಿ ಓದಿದೆ, ಮಧ್ಯದಲ್ಲಿ ಒಂದೇ ಒಂದು ಜೋಕೂ ಹೊಡೆಯಲಿಲ್ಲ. ಟೊಮೆಟೊ ವಿಷಯ ಚೆನ್ನಾಗಿ ಅರ್ಥವಾಯಿತು. ಭಾಗಾಕಾರವೂ ಅರ್ಥವಾಯಿತು. ಆಜಾನುಬಾಹು ಎಂದದ್ದು ಮಾತ್ರ ಮನಸ್ಸಿಗೆ ಹತ್ತಿತು, ನಾನೇನು ಅಷ್ಟು ಕುಳ್ಳನಲ್ಲ.

ನೀನು ಹೇಳಿದ ಕೆಲಸ ಮಾಡಿದೆ. ಚಹಾ ಹೊತ್ತಿನಲ್ಲಿ ಸ್ಟೋರಿನವರನ್ನೆಲ್ಲ ಡಬ್ಬಗಳ ಮೇಲೆ ಕೂರಿಸಿ, ಮುಂಚೆ ಎಲ್ಲಿದ್ರಪ್ಪಾ ಎಂದು ಕೇಳಿದೆ. ಮೊದಲು, ಯಾಕೆ, ಯೂನಿಯನ್ ಎಲೆಕ್ಷನ್ನಿಗೆ ನಿಂತಿದ್ದೀಯಾ ಎಂದು ಕಾಲೆಳೆದರು. ಆಮೇಲೆ ಒಬ್ಬೊಬ್ಬರಾಗಿ ಶುರುವಾದರು. ಬೀಗದ ಕೈ ಇಟ್ಟುಕೊಂಡಿರುವ ಸ್ಟೋರ್ ಕೀಪರ್ ಒಬ್ಬರು ಬಿಟ್ಟು, ಭಟ್ಟಿಯಿಂದ ಬಂದ ಇನ್ನೊಬ್ಬ ಬಿಟ್ಟು, ಉಳಿದವರೆಲ್ಲ ಪೌಡರ್ ರೂಮಿನವರೇ. ನನಗೂ ಗೊತ್ತಿತ್ತು ಅಕ್ಕ, ಆದರೆ ಒಟ್ಟಿಗೆ ಕೂತು ಕೇಳಿದಾಗ ಬೇರೆ ಥರ ಇರುತ್ತದೆ. ಎಲ್ಲರೂ ನಕ್ಕರು. ಯಾರೋ ಒಬ್ಬರಿಗೆ ನಗು ಕೆಮ್ಮಾಯಿತು, ಅದರಿಂದ ಪಕ್ಕದವರಿಗೂ ಬಂತು, ಕೊನೆಗೆ ಸ್ಟೋರ್ ಕೀಪರು ಒಳಗಿಂದ, ಏನ್ರಯ್ಯಾ ಅದು, ಸಂಗೀತ ಕಛೇರಿನಾ ಎಂದು ಕೂಗಿದರು. ನಿಮ್ಮ ಕಡೆಯಿಂದ ಬಂದಿದ್ದ ಹುಡುಗಿ, ಈಗ ಏನು ಕೆಲಸ ಎಂದು ಮಾತ್ರ ಕೇಳಿದ್ದಳಂತೆ. ಮುಂಚೆ ಏನು ಎಂದು ಅವಳೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಕೇಳದೇ ಇದ್ದದ್ದನ್ನು ಹೇಳಿ ಇದ್ದ ಹಗುರ ಕೆಲಸವನ್ನೂ ಯಾಕೆ ಕಳೆದುಕೊಳ್ಳೋದು ಎಂದು ಒಬ್ಬರು ಅಂದರು.

ಪೇಪರ್ ಚೂರನ್ನು ಫ್ರಿಜ್ಜಿನಿಂದ ಕಿತ್ತೆ. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು, ಅಕ್ಕನ ಏಳಿಗೆ ಕಂಡ್ರೆ ನಿನಗೆ ಹೊಟ್ಟೆಕಿಚ್ಚು ಕಣೋ ಅಂತ. ನಿನ್ನ ಹೆಸರು ತೆಗೆಸಿದ ವಿಷಯ ಹೇಳಿಲ್ಲ. ನನಗೆ ಆವತ್ತು ಊಟ ಸೇರಲಿಲ್ಲ, ಅದನ್ನೂ ಹೇಳಿಲ್ಲ.

ಇಷ್ಟೆಲ್ಲ ಆದ ಮೇಲೆ ಹೇಳಲು ನಾಚಿಕೆಯಾಗುತ್ತದೆ. ಅರ್ಜಿ ವಾಪಸು ತೆಗೆದುಕೊಳ್ಳಲಿಲ್ಲ. ಸೋಮವಾರದಿಂದ ಪೌಡರ್ ರೂಮಿಗೆ ಹೋಗುತ್ತಿದ್ದೇನೆ. ಸ್ಟೋರಿನಲ್ಲಿ ಕೂತು ಕೂತು ಬೇಸರ ಬಂದಿತ್ತು, ನಟ್ಟು ಎಣಿಸಿ ಎಣಿಸಿ ಕನಸಿನಲ್ಲೂ ನಟ್ಟೇ. ಬೇಸಿನ್ನಿನ ಅಂಚು ಕೈಯಡಿ ನುಣ್ಣಗಾಗುತ್ತಾ ಬರುವುದು ನನಗೆ ಇಷ್ಟ, ಅದು ನಿನಗೂ ಗೊತ್ತು. ಮಾಸ್ಕು ಹಾಕುತ್ತೇನೆ, ಮಾತಾಡುವಾಗ ಗಲ್ಲಕ್ಕೆ ಇಳಿಸುವುದಿಲ್ಲ, ಮಾತನ್ನೇ ಬಿಟ್ಟಿದ್ದೇನೆ. ನಾನು ಮಾತು ಬಿಟ್ಟಿದ್ದೇನೆ ಎಂದರೆ ನೀನು ನಂಬುವುದಿಲ್ಲ, ಬೇಕಾದರೆ ಬಂದು ನೋಡು. ವರ್ಷಕ್ಕೊಮ್ಮೆ ನಿಮ್ಮ ಕೊಳವೆ ಊದುತ್ತೇನಲ್ಲ, ಕುಂದಿದರೆ ಗೊತ್ತಾಗುತ್ತದೆ.

ನಿನ್ನ ಕಾಗದದಲ್ಲಿ ಒಂದು ಲೆಕ್ಕ ಬಿಟ್ಟುಹೋಗಿದೆ. ಒಂಬತ್ತು ವರ್ಷ ಧೂಳು ಕುಡಿದವನಿಗೆ ಎರಡೂವರೆ ಪಟ್ಟಾದರೆ, ಮೇಲೆ ಇನ್ನೊಂದೆರಡು ವರ್ಷ ಕುಡಿದರೆ ಎಷ್ಟು ಪಟ್ಟು? ಸಮಯ ಸಿಕ್ಕಾಗ ಬರೆ. ಅವಸರವಿಲ್ಲ.

ನಿನ್ನ ಸಿಟ್ಟು ನ್ಯಾಯವಾದದ್ದು. ಇಳಿಸಿಕೊಳ್ಳಬೇಡ, ಅದನ್ನು ಆ ಒಂದು ಪಾಯಿಂಟ್ ಐದು ಚಮಚದವರ ಮೇಲೆ ಖರ್ಚು ಮಾಡು.

ನಿನ್ನ ಕುಳ್ಳ ತಮ್ಮ

ಮತ್ತೆ ತೆರೆದು ಬರೆದದ್ದು: ಲಕೋಟೆಗೆ ಅಂಟು ಹಚ್ಚಿದ್ದೆ, ಮನಸ್ಸು ತಡೆಯಲಿಲ್ಲ. ತನ್ನ ಹೆಸರು ತೆಗೆಸಿಕೊಂಡು ಕೂತಿರುವವಳಿಗೆ ಸುಳ್ಳು ಬರೆಯಬಾರದು. ಪೇಪರಿನಲ್ಲಿ ಬಂದದ್ದನ್ನು ನಾನು ನಂಬಿರಲಿಲ್ಲ ಅಕ್ಕ. ಧೂಳು ಏನು ಮಾಡುತ್ತದೆ ಎಂದು ನನಗೆ ಪೇಪರಿನವನು ಹೇಳಬೇಕೇ? ಮನೆಯವಳನ್ನು ಒಪ್ಪಿಸಲು ಏನಾದರೂ ಬೇಕಿತ್ತು, ನಿನ್ನ ಹೆಸರಿದ್ದರೆ ಅವಳು ಮರುಮಾತಾಡುವುದಿಲ್ಲ. ವಿಷಯ ಬೇರೆಯೇ ಇದೆ. ಪೌಡರ್ ರೂಮಿನಲ್ಲಿ ಶಿಳ್ಳೆ ಅಂತ ಒಬ್ಬನಿದ್ದಾನೆ, ನನಗೆ ಕೆಲಸ ಕಲಿಸಿದವನು. ಉಜ್ಜುತ್ತಾ ಉಜ್ಜುತ್ತಾ ಶಿಳ್ಳೆ ಹಾಕುತ್ತಿದ್ದ, ಅದಕ್ಕೇ ಆ ಹೆಸರು. ಈಗ ಅವನು ಬಾಯಿ ಮುಚ್ಚಿಕೊಂಡು ಕೂತಿದ್ದರೂ ಎದೆ ಶಿಳ್ಳೆ ಹಾಕುತ್ತದೆ. ಕ್ಯಾಂಟೀನಿನ ಮೆಟ್ಟಿಲು ಹತ್ತಲಾರದೆ ಕೆಳಗೇ ಕೂತು ಊಟ ಮಾಡುತ್ತಾನೆ. ಸ್ಟೋರಿನಲ್ಲಿ ಹಗುರ ಕೆಲಸಕ್ಕೆ ಇರುವ ಜಾಗ ಇಷ್ಟೇ ಎಂದು ಗೊತ್ತುಮಾಡಿದ್ದಾರೆ, ಒಬ್ಬ ಬಿಟ್ಟರೆ ಇನ್ನೊಬ್ಬನಿಗೆ. ಖಾಲಿಯಾಗುವ ತನಕ ಕಾಯಬೇಕು ಎಂದು ಡಾಕ್ಟರು ಅವನಿಗೆ ಹೇಳಿದರು. ಅಲ್ಲಿ ಜಾಗ ಹೇಗೆ ಖಾಲಿಯಾಗುತ್ತದೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ನನ್ನ ಕೆಮ್ಮು ಕಡಿಮೆಯಾಗಿದೆ, ನಾನು ಎದ್ದೆ. ಸೋಮವಾರದಿಂದ ಅವನು ನನ್ನ ಸ್ಟೂಲಿನ ಮೇಲೆ ಕೂತಿದ್ದಾನೆ. ನಿಮ್ಮವರು ಹೊಸದಾಗಿ ಪಟ್ಟಿ ಮಾಡಲು ಬಂದು ಈಗ ಏನು ಕೆಲಸ ಎಂದು ಕೇಳಿದರೆ, ಸ್ಟೋರು ಎಂದೇ ಹೇಳುತ್ತಾನೆ, ಅವನಿಗೆ ಅದೊಂದು ಹೆಮ್ಮೆ. ನನ್ನನ್ನು ಯಾವ ಸಾಲಿಗೆ ಬೇಕಾದರೂ ಹಾಕಿಕೊಳ್ಳಿ. ಅವನನ್ನು ಮಾತ್ರ ಸ್ಟೋರಿನವನು ಎಂದು ಬರೆಯಬೇಡಿ.